ಸೇನಾಪತಿ ಸಂತಾಜಿ ಘೋರ್ಪಡೆ

ದೇವಾಲಯದ ಶಿಖರದ ಮೇಲಣ ಕಳಸವು ದಾರಿಹೋಕರೆಲ್ಲರ ಕಣ್ಣಿಗೂ ಬೀಳುತ್ತದೆ; ಅದರ ಭಾರವನ್ನು ಹೊತ್ತ ಅಡಿಗಲ್ಲು ಕಾಣುವುದು ಜೀರ್ಣೋದ್ಧಾರಕ್ಕೆಂದು ಮಣ್ಣು ತೆಗೆದಾಗ ಮಾತ್ರ. ನಾಡಿನ ಸ್ವಾತಂತ್ರ್ಯವೆಂಬ ಗುಡಿಗೂ ಇಂಥ ಅಡಿಗಲ್ಲುಗಳಿವೆ. ಕೊಲ್ಹಾಪುರ ಸೀಮೆಯ ಸೇನಾಪತಿ ಕಾಪಶಿಯ ಹೆಸರಿನೊಡನೆ ಬೆಸೆದುಕೊಂಡಿರುವ ಘೋರ್ಪಡೆ ಮನೆತನವು ಅಂಥದೊಂದು.

ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಈ ವಂಶದ ಹಿರಿಯನೊಬ್ಬನು ಉಡದ ನೆರವಿನಿಂದ ದುರ್ಗಮವಾದ ಕೋಟೆಯನ್ನೇರಿದುದರಿಂದ ಈ ಹೆಸರು ಬಂದಿತೆಂದು ಐತಿಹ್ಯ. ಕೈಕೊಂಡ ಕಾರ್ಯವನ್ನು ಉಡದಂತೆ ಬಿಗಿಹಿಡಿಯುವುದು ಈ ಮನೆಯವರ ಕುಲಧರ್ಮವೇ ಆಯಿತು.

ಸಂತಾಜಿಯ ತಂದೆ ಮ್ಹಾಳೋಜಿಯು ಛತ್ರಪತಿ ಸಂಭಾಜಿ ಮಹಾರಾಜರ ಸೇನಾಪತಿ. 1689ರ ಫೆಬ್ರವರಿಯಲ್ಲಿ ಮುಕರಬ ಖಾನನು ಕೊಲ್ಹಾಪುರದ ಕಡೆಯಿಂದ ಘಟ್ಟವಿಳಿದು ಸಂಗಮೇಶ್ವರದ ಮೇಲೆ ಹಠಾತ್ತಾಗಿ ಎರಗಿದಾಗ, ಮ್ಹಾಳೋಜಿಯು ಅಲ್ಪ ಪರಿವಾರದೊಡನೆ ಅಡ್ಡನಿಂತು, ಕಾದಾಡಿ ಮಡಿದನು. ಮಹಾರಾಜರು ಸೆರೆಸಿಕ್ಕರು, ಮಾರ್ಚ್ 11ರಂದು ಔರಂಗಜೇಬನು ಅವರನ್ನು ಕೊಲ್ಲಿಸಿದನು.

ಮನೆಯಲ್ಲಿ ಕುಳಿತು ತಂದೆಗಾಗಿ ಶೋಕಿಸುವ ಕಾಲ ಅದಾಗಿರಲಿಲ್ಲ. ಸಂತಾಜಿಯು ಸಂಗಡಿಗರೊಡನೆ ಬಾದಶಹನ ಬಿಡಾರಕ್ಕೇ ನುಗ್ಗಿ ಡೇರೆಯ ಚಿನ್ನದ ಕಳಸಗಳನ್ನು ಕತ್ತರಿಸಿ ತಂದನೆಂದು ಬಖರುಗಳು ಹೇಳುತ್ತವೆ. ರಾಜಾರಾಮ ಮಹಾರಾಜರು ದೂರದ ಜಿಂಜಿಯಲ್ಲಿ ಆಶ್ರಯ ಪಡೆದಿರಲು, 1691ರಲ್ಲಿ ತಂದೆಯ ಸೇನಾಪತಿ ಪದವಿಯು ಮಗನಿಗೆ ಬಂದಿತು. 1692ರಲ್ಲಿ ಕಂಚಿಯ ಬಳಿ ಅಲಿ ಮರ್ದಾನ ಖಾನನನ್ನು ಸೆರೆಹಿಡಿದನು. 1695ರ ಕೊನೆಯಲ್ಲಿ ಚಿತ್ರದುರ್ಗದ ಸೀಮೆಯ ದೊಡ್ಡೇರಿಯಲ್ಲಿ ಮೊಗಲ ಸೈನ್ಯಕ್ಕೆ ಅನ್ನವೂ ಮೇವೂ ಸಿಗದಂತೆ ಮುತ್ತಿ ಕುಳಿತನು. ಕಾಸಿಮ ಖಾನನು ಅಲ್ಲಿಯೇ ಸತ್ತನು. ಉಳಿದವರು ಹಣ ತೆತ್ತು ಪ್ರಾಣ ಉಳಿಸಿಕೊಂಡರು. ಮರುವರ್ಷದ ಆರಂಭದಲ್ಲಿ ಬಸವಾಪಟ್ಟಣದ ಬಳಿ ಹಿಮ್ಮತ ಖಾನನೂ ಹತನಾದನು.

ಆದರೆ ಹೊರಗಿನ ಹಗೆಯನ್ನು ಗೆದ್ದವನಿಗೆ ಒಳಗಿನ ಹಗೆಯನ್ನು ಗೆಲ್ಲಲಾಗಲಿಲ್ಲ. ಸಂತಾಜಿಯ ಶಿಸ್ತು ಕಠೋರ, ಕೋಪ ಇನ್ನೂ ಕಠೋರ. 1696ರಲ್ಲಿ ಪ್ರಭುವಿನೊಡನೆಯೂ ಧನಾಜಿ ಜಾಧವನೊಡನೆಯೂ ವಿರಸ ಬೆಳೆದು ಯುದ್ಧವೇ ನಡೆಯಿತು. ಸೆರೆಸಿಕ್ಕ ಅಮೃತರಾವ ನಿಂಬಾಳಕರನನ್ನು ಆನೆಯ ಕಾಲಿಗೆ ಹಾಕಿಸಿದುದು ಸಂತಾಜಿಯ ಮಹಾಪರಾಧ. ಪದವಿ ಹೋಯಿತು, ಬಂಟರು ಚದುರಿದರು. 1697ರ ಜೂನ್ ತಿಂಗಳಲ್ಲಿ ಶಂಭು ಮಹಾದೇವನ ಬೆಟ್ಟಗಳ ಸೀಮೆಯಲ್ಲಿ, ಅಮೃತರಾವನ ತಂಗಿಯ ಗಂಡನಾದ ನಾಗೋಜಿ ಮಾನೆಯು ಅವನನ್ನು ಕೊಂದನು. ಮೊಗಲರ ಲಕ್ಷ ಸೈನ್ಯಕ್ಕೆ ಆಗದುದನ್ನು ಮನೆಯ ಜಗಳವು ಮಾಡಿ ಮುಗಿಸಿತು.

ಇಷ್ಟಾದರೂ ಮನೆತನವು ಖಡ್ಗವನ್ನು ಕೆಳಗಿಡಲಿಲ್ಲ. ಇದೇ ವಂಶದ ಮುರಾರಿರಾವನು ಗುತ್ತಿಯ ದುರ್ಗವನ್ನು ಹೈದರಲಿಯ ವಿರುದ್ಧ ಕಾದನು. ನೀರು ಬತ್ತಿದ ಮೇಲೆಯೇ 1776ರಲ್ಲಿ ಕೋಟೆ ಬಿದ್ದಿತು. ಅವನು ಕಬ್ಬಾಳದುರ್ಗದ ಸೆರೆಯಲ್ಲಿ ಅಸುನೀಗಿದನು. ಸಂಡೂರಿನ ಶಿವರಾವನು 1785ರ ಸುಮಾರಿಗೆ ಟಿಪ್ಪುವಿನೊಡನೆ ಹೋರಾಡಿ ಮಡಿದನು. ಸಂತಾಜಿಯ ಅನ್ನವುಂಡ ನಾರೋ ಮಹಾದೇವ ಜೋಶಿಯು ಒಡೆಯನ ಕುಲನಾಮವನ್ನೇ ತನ್ನದಾಗಿಸಿಕೊಂಡನು. ಇಚಲಕರಂಜಿಯ ಘೋರ್ಪಡೆ ಸಂಸ್ಥಾನಿಕರು ಅವನ ವಂಶಜರು. ಸೇವಕನು ಒಡೆಯನಿಗೆ ಸಲ್ಲಿಸಿದ ಇಂಥ ಕಾಣಿಕೆ ವಿರಳ.

ಕಳಸಾರೋಹಣದ ಈ ಮಂಗಳ ಸಮಯದಲ್ಲಿ ಭಕ್ತರು ಆ ತಂದೆಮಕ್ಕಳನ್ನೊಮ್ಮೆ ನೆನೆಯಲಿ. ಅವರ ಶೌರ್ಯದೊಡನೆ, ಅವರಿಗೆ ದೊರೆಯದ ಕ್ಷಮೆ ಸಮಾಧಾನಗಳನ್ನೂ ಪರಮೇಶ್ವರನು ಊರಿನ ಮನೆಮನೆಗೆ ಕರುಣಿಸಲಿ.