ಕಾಲ್ಚೆಂಡಿನ ಗುರು ರಹೀಮ್ ಸಾಹೇಬರು

ಪಂದ್ಯ ಗೆದ್ದಾಗ ಜನರು ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಅವನ ಕಾಲಿಗೆ ಕಸುವನ್ನೂ ಮನಸ್ಸಿಗೆ ಧೈರ್ಯವನ್ನೂ ತುಂಬಿದ ಗುರು ಮೈದಾನದ ಅಂಚಿನಲ್ಲಿ ಮೌನವಾಗಿ ನಿಂತಿರುತ್ತಾನೆ. ಹಾಗೆ ಅಂಚಿನಲ್ಲಿ ನಿಂತೇ ಭಾರತದ ಕಾಲ್ಚೆಂಡಿನ ಇತಿಹಾಸದಲ್ಲಿ ಒಂದು ಯುಗವನ್ನು ನಿರ್ಮಿಸಿದವರು ಸೈಯದ್ ಅಬ್ದುಲ್ ರಹೀಮ್. ಅವರು ಅಧಿಕಾರಸ್ಥರಲ್ಲ, ಸಿರಿವಂತರೂ ಅಲ್ಲ. ಒಬ್ಬ ಶಾಲಾ ಉಪಾಧ್ಯಾಯರು.

ರಹೀಮ್ ಅವರು 1909ನೆಯ ಇಸವಿ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಇಂದು ಕರ್ನಾಟಕದಲ್ಲಿರುವ ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳೂ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅವರು ಸ್ವತಃ ಒಳ್ಳೆಯ ಆಟಗಾರರೆನಿಸಿದ್ದರು. ಪದವಿ ಪಡೆದು ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ಅನಂತರ ದೈಹಿಕ ಶಿಕ್ಷಣದಲ್ಲಿ ತರಬೇತಿ ಹೊಂದಿ, ಶಾಲೆಯ ಆಟಪಾಟಗಳ ಹೊಣೆಯನ್ನು ಹೊತ್ತರು. ಮೇಷ್ಟರ ತಾಳ್ಮೆ ಮತ್ತು ಶಿಸ್ತು ಕೊನೆಯವರೆಗೂ ಅವರನ್ನು ಬಿಟ್ಟು ಹೋಗಲಿಲ್ಲ. ಆಟಗಾರರ ಪಾಲಿಗೆ ಅವರು ಎಂದೆಂದಿಗೂ ರಹೀಮ್ ಸಾಹೇಬರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಅಂದಿನ ಆಟಗಾರರಲ್ಲಿ ಎರಡು ಕೊರತೆಗಳನ್ನು ಅವರು ಕಂಡರು. ಚೆಂಡು ಸಿಕ್ಕಿದವನು ಅದನ್ನು ತನ್ನ ಕಾಲಲ್ಲೇ ಇಟ್ಟುಕೊಂಡು ಓಡುತ್ತಿದ್ದನು, ಜೊತೆಗಾರನಿಗೆ ಒಪ್ಪಿಸುತ್ತಿರಲಿಲ್ಲ. ಬಹುಮಂದಿಗೆ ಒಂದು ಕಾಲು ಮಾತ್ರ ಪಳಗಿರುತ್ತಿತ್ತು. ರಹೀಮರು ಇದಕ್ಕೆ ಉಪದೇಶ ಮಾಡುತ್ತ ಕೂರಲಿಲ್ಲ. ಹೊಸ ಬಗೆಯ ಪಂದ್ಯಗಳನ್ನೇ ಏರ್ಪಡಿಸಿದರು. ಒಂದು ಬಗೆಯ ಪಂದ್ಯದಲ್ಲಿ ಚೆಂಡನ್ನು ಹಿಡಿದಿಟ್ಟುಕೊಂಡು ಓಡುವಂತೆಯೇ ಇರಲಿಲ್ಲ. ಬಂದ ಕೂಡಲೆ ಇನ್ನೊಬ್ಬನಿಗೆ ದಾಟಿಸಬೇಕಾಗಿತ್ತು. ಇನ್ನೊಂದು ಬಗೆಯಲ್ಲಿ ಪ್ರತಿಯೊಬ್ಬನೂ ತನ್ನ ದುರ್ಬಲವಾದ ಕಾಲಿನಿಂದ ಮಾತ್ರ ಆಡಬೇಕಾಗಿತ್ತು. ಕುಳ್ಳಗಿನ ಹುಡುಗರಿಗಾಗಿಯೇ ಬೇರೆ ಪಂದ್ಯಗಳಿದ್ದವು. ಇಂಥ ಅಭ್ಯಾಸಕ್ಕೆ ದುಬಾರಿಯ ಸಲಕರಣೆಗಳು ಬೇಕಿಲ್ಲ. ಒಂದು ಬಯಲು, ಒಂದು ಚೆಂಡು, ಕಣ್ಣಿಟ್ಟು ನೋಡುವ ಒಬ್ಬ ಗುರು ಇದ್ದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲಾ ಮೈದಾನದಲ್ಲಿಯೂ ಇದನ್ನು ಮಾಡಿ ನೋಡಬಹುದು.

ಪರಿಶ್ರಮ ಫಲ ಕೊಟ್ಟಿತು. ರಹೀಮರು ತರಬೇತಿಯಿತ್ತ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ತಂಡವು 1956-57 ಮತ್ತು 1957-58ರಲ್ಲಿ ತನ್ನದಾಗಿಸಿಕೊಂಡಿತು. ಸಿಕಂದರಾಬಾದಿನ ಬಡ ಹುಡುಗ ತುಳಸೀದಾಸ್ ಬಲರಾಮನು ದೂರದಿಂದ ಬಂದು ಅಭ್ಯಾಸ ಮಾಡಲಾರದಿದ್ದಾಗ, ಬಾಡಿಗೆ ಸೈಕಲ್ಲಿನ ಹಣವನ್ನು ರಹೀಮರೇ ಕೊಟ್ಟರು. ಆ ಹುಡುಗನು ಮುಂದೆ ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದನು.

ಇಷ್ಟರಲ್ಲಿ ಭಾರತ ತಂಡದ ತರಬೇತಿಯ ಹೊಣೆಯೂ ಅವರ ಪಾಲಿಗೆ ಬಂದಿತ್ತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನದ ಪದಕವನ್ನು ಪಡೆಯಿತು. ಬೆಂಗಳೂರಿನ ಅಹಮದ್ ಖಾನರು ಆ ತಂಡದಲ್ಲಿದ್ದರು. ಆದರೆ ಮರುವರ್ಷವೇ ಗರ್ವಭಂಗವಾಯಿತು. ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಕೂಟದಲ್ಲಿ ಯುಗೊಸ್ಲಾವಿಯವು ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನರೇ. ಕೊರೆಯುವ ಚಳಿಯ ನಾಡಿನಲ್ಲಿ ನಮ್ಮವರಲ್ಲಿ ಅನೇಕರು ಬರಿಗಾಲಲ್ಲಿ ಆಡಿದ್ದರು. ಆ ಸೋಲಿನ ಬಳಿಕ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು.

ಸೋಲನ್ನು ಪಾಠವಾಗಿ ಓದಿಕೊಂಡ ಗುರುವಿಗೆ ನಾಲ್ಕೇ ವರ್ಷಗಳಲ್ಲಿ ಉತ್ತರ ದೊರೆಯಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲುಗಳನ್ನು ಹೊಡೆದರು. ಏಷ್ಯಾ ಖಂಡದ ತಂಡವೊಂದು ಒಲಿಂಪಿಕ್ ಕಾಲ್ಚೆಂಡಿನ ಉಪಾಂತ್ಯವನ್ನು ತಲುಪಿದ್ದು ಅದೇ ಮೊದಲು. ಭಾರತಕ್ಕೆ ನಾಲ್ಕನೆಯ ಸ್ಥಾನ ಲಭಿಸಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬಲಿಷ್ಠವಾದ ಫ್ರಾನ್ಸ್ ತಂಡದೊಡನೆ ನಮ್ಮವರು 1-1ರ ಸಮಬಲ ಸಾಧಿಸಿದರು.

1962ರ ಏಷ್ಯನ್ ಕ್ರೀಡಾಕೂಟವು ಇಂಡೋನೇಷ್ಯದ ಜಕಾರ್ತದಲ್ಲಿ ನಡೆಯಿತು. ಆ ವೇಳೆಗೆ ರಹೀಮರ ಶ್ವಾಸಕೋಶವನ್ನು ಅರ್ಬುದ ರೋಗವು ಕೊರೆಯುತ್ತಿತ್ತು. ಅದನ್ನು ನುಂಗಿಕೊಂಡೇ ಅವರು ತಂಡದೊಡನೆ ಹೊರಟರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2-0ರಿಂದ ಭಾರತವನ್ನು ಸೋಲಿಸಿತು. ಥಾಯ್ಲೆಂಡ್ ಮತ್ತು ಜಪಾನ್ ತಂಡಗಳನ್ನು ಗೆದ್ದು ನಮ್ಮವರು ಉಪಾಂತ್ಯಕ್ಕೆ ಬಂದರೂ, ರಕ್ಷಣೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮರು ಅವರನ್ನು ಕೂರಿಸಲಿಲ್ಲ. ರಕ್ಷಣೆಯ ಸಾಲಿನಿಂದ ಮುಂಚೂಣಿಗೆ ತಂದು ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನ ವಿರುದ್ಧ ಜರ್ನೈಲರು ಗೋಲು ಹೊಡೆದರು. ಭಾರತವು 3-2ರಿಂದ ಗೆದ್ದಿತು.

ಅಂತಿಮ ಪಂದ್ಯದಲ್ಲಿ ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟುದನ್ನು ಭಾರತೀಯ ಪ್ರತಿನಿಧಿಯೊಬ್ಬರು ಟೀಕಿಸಿದ್ದರಿಂದ ಜಕಾರ್ತದ ಜನ ಕೆರಳಿದ್ದರು. ಪಂದ್ಯದ ಮುನ್ನಾದಿನ ರಹೀಮರು ಆಟಗಾರರನ್ನು ಬಳಿಗೆ ಕರೆದು, ತಮಗೊಂದು ಉಡುಗೊರೆ ಬೇಕೆಂದು ಕೇಳಿದರು. ಆ ಉಡುಗೊರೆ ಚಿನ್ನದ ಪದಕ. ಸೆಪ್ಟೆಂಬರ್ 4ರಂದು ಕಿಕ್ಕಿರಿದ ಕ್ರೀಡಾಂಗಣವು ಭಾರತೀಯರನ್ನು ಕೂಗಿ ಹೀಯಾಳಿಸಿತು. ಆ ಕೂಗಿನ ನಡುವೆಯೇ ಪಿ.ಕೆ. ಬ್ಯಾನರ್ಜಿ ಮೊದಲ ಗೋಲನ್ನೂ, ತಲೆಗೆ ಪಟ್ಟಿ ಕಟ್ಟಿದ್ದ ಜರ್ನೈಲರು ಎರಡನೆಯದನ್ನೂ ಹೊಡೆದರು. ಚುನಿ ಗೋಸ್ವಾಮಿ ನಾಯಕರಾಗಿದ್ದ ಭಾರತವು 2-1ರಿಂದ ಗೆದ್ದಿತು. ಶಿಷ್ಯರು ಗುರುದಕ್ಷಿಣೆಯನ್ನು ಸಲ್ಲಿಸಿದರು.

ಅದೇ ಅವರ ಕೊನೆಯ ದೊಡ್ಡ ಗೆಲುವು. ಸುಮಾರು ಒಂಬತ್ತು ತಿಂಗಳ ಬಳಿಕ, 1963ನೆಯ ಇಸವಿ ಜೂನ್ 11ರಂದು ರಹೀಮರು ಹೈದರಾಬಾದಿನಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ 53 ವರ್ಷ. 1970ರಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಿನಲ್ಲಿ ಕಂಚು ದೊರೆಯಿತು. ಆದರೆ ಜಕಾರ್ತದ ಅನಂತರ ಚಿನ್ನ ಮತ್ತೆ ಬಂದಿಲ್ಲ. ಅವರ ಶಿಷ್ಯ ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ಹೆಸರಾಂತ ತರಬೇತುದಾರರಾಗಿ ಹಲವು ಆಟಗಾರರನ್ನು ಬೆಳೆಸಿದರು.

ದುರ್ಬಲವಾದ ಕಾಲನ್ನು ಮರೆಸಿ ಆಡುವುದು ಸುಲಭ. ಅದನ್ನೇ ಮುಂದಿಟ್ಟು ಬಲಪಡಿಸಿಕೊಳ್ಳುವುದು ಕಷ್ಟ. ರಹೀಮರು ಎರಡನೆಯದನ್ನು ಕಲಿಸಿದರು. ತಮ್ಮ ದೇಹವೇ ದುರ್ಬಲವಾದಾಗ ತಾವೂ ಹಾಗೆಯೇ ಬಾಳಿ ತೋರಿಸಿದರು.