ಪ್ಲೇಗಿನ ದಿನಗಳ ಆಸರೆ ಡಾ. ಪಲ್ಪು

1863ರಲ್ಲಿ ತಿರುವನಂತಪುರದಲ್ಲಿ ಜನಿಸಿದ ಡಾ. ಪದ್ಮನಾಭನ್ ಪಲ್ಪು ಅವರಿಗೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ವೈದ್ಯ ಹುದ್ದೆ ನಿರಾಕರಿಸಿತು. ಮದರಾಸಿನಲ್ಲಿ ಕಲಿತ ವಿದ್ಯೆ ಮೈಸೂರು ಸಂಸ್ಥಾನದ ಸೇವೆಗೆ ಸಂದಿತು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಪೇಟೆಯನ್ನೂ ದಂಡು ಪ್ರದೇಶವನ್ನೂ ಕಂಗೆಡಿಸಿತು. ಅವರ ಆಶ್ರಯದಲ್ಲಿ ಸಂಸ್ಕೃತ ಓದುತ್ತಿದ್ದ, ಮುಂದೆ ಮಹಾಕವಿಯಾದ ಕುಮಾರನ್ ಆಶಾನ್ ವ್ಯಾಸಂಗ ಅರ್ಧಕ್ಕೇ ಬಿಟ್ಟು ನಗರ ತೊರೆದರು. ಪಲ್ಪು ಮಾತ್ರ ಪ್ಲೇಗು ಶಿಬಿರದ ಹೊಣೆ ಹೊತ್ತು ಉಳಿದರು. ಹುಟ್ಟಿದ ನಾಡೇ ದೂರವಿಟ್ಟ ವೈದ್ಯ, ಸೋಂಕಿಗೆ ಅಂಜಿ ಬಂಧುಗಳೂ ದೂರವಿಡುತ್ತಿದ್ದ ರೋಗಿಗಳಿಗೆ ಆಸರೆಯಾದರು.

ಅಧ್ಯಾತ್ಮದ ತಳಹದಿಯಿಲ್ಲದೆ ಸಮಾಜ ಸುಧಾರಣೆ ನಿಲ್ಲದೆಂಬ ಸ್ವಾಮಿ ವಿವೇಕಾನಂದರ ಸಲಹೆ ಅವರಲ್ಲಿ ಬೇರೂರಿತ್ತು. ನಾರಾಯಣ ಗುರುಗಳ ಮಾರ್ಗದರ್ಶನದಲ್ಲಿ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗ ಕಟ್ಟಲು ಶ್ರಮಿಸಿದ ಅವರು 1950ರಲ್ಲಿ ನಿಧನರಾದರು. ಗುರುಗಳ ಹೆಸರಿನ ಸಮಿತಿ ಇಂದು ಹಲಸೂರಿನಲ್ಲಿದೆ.