ಕೀರ್ತಿಶೇಷ ಎಸ್. ಆರ್. ಕಂಠಿಯವರು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಬಹಳ ಉತ್ಸಾಹದಿಂದ ಮಾತನಾಡಿದೆನು. ರಾಜ್ಯದ ದೊಡ್ಡ ಪ್ರಶ್ನೆಗಳನ್ನು ಶಾಸಕರಿಗೆ ಬಿಡದೆ ಮತದಾರರ ಮುಂದೆಯೇ ಇಟ್ಟು, ಹೌದು ಅಥವಾ ಅಲ್ಲ ಎಂಬ ತೀರ್ಪನ್ನು ಅವರಿಂದಲೇ ಪಡೆಯಬೇಕೆಂಬುದು ನನ್ನ ವಾದ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜನರು 1911ರಿಂದ ಮತಪತ್ರದ ಮೇಲೆಯೇ ಕಾನೂನುಗಳನ್ನು ಒಪ್ಪುತ್ತಲೂ ತಳ್ಳಿಹಾಕುತ್ತಲೂ ಬಂದಿರುವುದನ್ನು ಹೇಳಿದೆನು. ನೆರೆಯ ಗೋವೆಯವರು 1967ರ ಜನವರಿ 16ರಂದು ಹೂವು ಮತ್ತು ಎರಡೆಲೆ ಎಂಬ ಎರಡು ಗುರುತುಗಳಲ್ಲಿ ಎಲೆಗಳನ್ನು ಆರಿಸಿ, ಮಹಾರಾಷ್ಟ್ರದಲ್ಲಿ ವಿಲೀನವಾಗಲು ಒಲ್ಲೆವೆಂದು ತಿಳಿಸಿದುದನ್ನೂ ಹೇಳಿದೆನು. ಚಪ್ಪಾಳೆಯೂ ಬಿತ್ತು. ಆದರೆ ಎದುರು ಪಕ್ಷದ ಗೆಳೆಯನು ಎದ್ದು ನಿಂತು, ನಮ್ಮ ಹುನಗುಂದ ಕ್ಷೇತ್ರದಿಂದ ಆರಿಸಿಹೋಗಿ ಮುಖ್ಯಮಂತ್ರಿಯಾದವರು ಯಾರು, ಅವರಿಗೆ ಆ ಗಾದಿಯನ್ನು ತಂದುಕೊಟ್ಟ ಮತ ಯಾವ ಊರಿನದು, ಬಿಡಿಸಿದ ಮತ ಯಾವ ಊರಿನದು ಎಂದು ಕೇಳಿದನು. ನಾನು ನಿರುತ್ತರನಾದೆನು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಕ್ಯಾಲಿಫೋರ್ನಿಯಾ ಗೊತ್ತಿತ್ತು, ಕಂಠಿಯವರು ಗೊತ್ತಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣವೆಂದು ವಾಚಕರು ತಿಳಿಯಬೇಕು.

ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು 1908ರ ಡಿಸೆಂಬರ್ 21ರಂದು ಬಾದಾಮಿ ಸೀಮೆಯ ಕೆರೂರಿನಲ್ಲಿ ಜನಿಸಿದರು. ಆಗ ಈ ಭಾಗವೆಲ್ಲ ವಿಜಾಪುರ ಜಿಲ್ಲೆಗೂ ಮುಂಬಯಿ ಪ್ರಾಂತ್ಯಕ್ಕೂ ಸೇರಿತ್ತು. ಅವರು ಕಾನೂನು ಓದಿ ವಕೀಲರಾದರು. ಆ ಕಾಲದ ಅನೇಕ ವಕೀಲರಂತೆ ರಾಷ್ಟ್ರೀಯ ಚಳವಳಿಗೂ ಕಾಂಗ್ರೆಸ್ಸಿಗೂ ಬಂದರು.

1952ರ ಪ್ರಥಮ ಮಹಾಚುನಾವಣೆಯಲ್ಲಿ ಹುನಗುಂದದ ಮತದಾರರು ಅವರನ್ನು ಮುಂಬಯಿ ವಿಧಾನಸಭೆಗೆ ಕಳಿಸಿದರು. ಆಗ ಮತಪತ್ರದಲ್ಲಿ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಉಮೇದುವಾರನಿಗೊಂದರಂತೆ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಅವುಗಳಿಗೆ ಚಿಹ್ನೆಗಳನ್ನು ಅಂಟಿಸಿರುತ್ತಿದ್ದರು. ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುವುದಷ್ಟೇ ಕೆಲಸ. ನನ್ನ ಮುತ್ತಜ್ಜಿ ಜೋಡೆತ್ತಿನ ಪೆಟ್ಟಿಗೆಗೆ ಕೈಮುಗಿದು ಚೀಟಿ ಹಾಕಿದಳೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಗುಪ್ತಮತದ ಗುಟ್ಟು ನಮ್ಮ ಮನೆಯಲ್ಲಿ ನಿಂತದ್ದು ಅಷ್ಟೇ!

ಮುಂಬಯಿಯಲ್ಲಿ ಕಂಠಿಯವರು ವಿಧಾನಸಭೆಯ ಉಪಸಭಾಧ್ಯಕ್ಷರಾದರು. ಇತ್ತ ಇಳಕಲ್ಲಿನವರು ಪಕ್ಕದ ಕುಷ್ಟಗಿಗೆ ಹೋಗಬೇಕಾದರೆ ಹೈದರಾಬಾದು ರಾಜ್ಯದ ಗಡಿ ದಾಟಬೇಕಾಗಿತ್ತು. ಮಾತು ಒಂದೇ, ಉಡುವ ಸೀರೆ ಒಂದೇ, ಸರಕಾರ ಮಾತ್ರ ಬೇರೆ. 1956ರ ನವೆಂಬರ್ 1ರಂದು ಆ ಗೆರೆ ಅಳಿಯಿತು. ಇದರ ಮೇಲೆ ಯಾರೂ ಜನರ ಮತ ಕೇಳಲಿಲ್ಲ. ಫಜಲ್ ಅಲಿಯವರ ಆಯೋಗ ವರದಿ ಕೊಟ್ಟಿತು, ಸಂಸತ್ತು ಕಾನೂನು ಮಾಡಿತು. ಹೊಸ ರಾಜ್ಯದ ಕನ್ನಡಿಗರೆಲ್ಲ ಒಂದೇ ವಿಧಾನಸಭೆಗಾಗಿ ಕೂಡಿ ಮತ ಹಾಕಿದ್ದು 1957ರಲ್ಲಿ; ಅದನ್ನೇ ಏಕೀಕರಣದ ಮೇಲಿನ ಜನತೆಯ ಒಪ್ಪಿಗೆಯೆಂದು ನಾನು ಎಣಿಸುತ್ತೇನೆ. ಹುನಗುಂದದವರು ಮನೆ ಬಿಟ್ಟು ಕದಲದೆ ಮುಂಬಯಿಯ ಮತದಾರರಿದ್ದವರು ಮೈಸೂರಿನ ಮತದಾರರಾದರು. ಮೊದಲು ಕಳಿಸಿದವರನ್ನೇ ಮತ್ತೆ ಕಳಿಸಿದರು. ಕಂಠಿಯವರು 1956ರ ಡಿಸೆಂಬರಿನಲ್ಲಿಯೇ ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಚುನಾವಣೆಯ ನಂತರವೂ 1962ರವರೆಗೆ ಆ ಪೀಠದಲ್ಲಿದ್ದರು. ಐದು ಆಡಳಿತಗಳಿಂದ ಬಂದ ಶಾಸಕರನ್ನು ಒಂದು ಸಭೆಯಾಗಿ ನಡೆಸುವ ಕೆಲಸ ಸುಲಭದ್ದಲ್ಲ.

ಇನ್ನು 1962ರ ಕಥೆ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸು 208 ಸ್ಥಾನಗಳಲ್ಲಿ 138ನ್ನು ಗೆದ್ದಿತು. ಆದರೆ ಪಕ್ಷದ ನಾಯಕರಾಗಬೇಕಾಗಿದ್ದ ಶ್ರೀ ನಿಜಲಿಂಗಪ್ಪನವರನ್ನು ಹೊಸದುರ್ಗದ ಜನರು ಸೋಲಿಸಿದರು. ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರು ಅಲ್ಲಿ ಗೆದ್ದರು. ಬಹುಮತ ಇತ್ತು, ನಾಯಕನಿಗೆ ಸ್ಥಾನ ಇರಲಿಲ್ಲ. ಇಂಥದೇ ಪ್ರಸಂಗವನ್ನು ಕಂಠಿಯವರು ಮುಂಬಯಿಯಲ್ಲಿ ಕಣ್ಣಾರೆ ಕಂಡಿದ್ದರು. 1952ರಲ್ಲಿ ಮೊರಾರ್ಜಿ ದೇಸಾಯಿಯವರು ಕೇವಲ 19 ಮತಗಳಿಂದ ಸೋತಿದ್ದರೂ ತಾವೇ ಮುಖ್ಯಮಂತ್ರಿಗಳಾಗಿ, ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದರು. ಸಂವಿಧಾನವು ಸದಸ್ಯರಲ್ಲದವರಿಗೂ ಆರು ತಿಂಗಳು ಮಂತ್ರಿಯಾಗಿರಲು ಎಡೆ ಕೊಡುತ್ತದೆ. ಅದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಮೈಸೂರಿನಲ್ಲಿ ಬೇರೆ ದಾರಿ ಹಿಡಿದರು. 1962ರ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಶಾಸಕರಾದ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾದರು. ಜೂನ್ 20ರಂದು ಕಂಠಿಯವರು ಅಧಿಕಾರದಿಂದ ಇಳಿದರು. ಒಟ್ಟು 98 ದಿನಗಳು.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಹೊಸದುರ್ಗದವರು ಬೇಡವೆಂದವರನ್ನು ಬಾಗಲಕೋಟೆಯ ಬಾಗಿಲಿನಿಂದ ಒಳಗೆ ತಂದದ್ದು ಹೊಸದುರ್ಗದ ಮತಕ್ಕೆ ಮಾಡಿದ ಮರ್ಯಾದೆಯೇ? ಈ ಪ್ರಶ್ನೆಯನ್ನು ನಾನು ಮುಚ್ಚಿಡಲಾರೆ. ಮುರನಾಳರ ಮತದಾರರು ತಾವು ಗೆಲ್ಲಿಸಿದವರನ್ನು ಅಷ್ಟು ಬೇಗ ಬಿಟ್ಟುಕೊಡಬೇಕಾಯಿತೆಂಬುದೂ ಸಣ್ಣ ಮಾತಲ್ಲ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಆ 98 ದಿನಗಳಲ್ಲಿ ರಾಜ್ಯದ ಗಾದಿಯ ಮೇಲೆ ಇದ್ದವರು ತಮ್ಮ ಕ್ಷೇತ್ರದ ಮತ ಪಡೆದವರೇ ಹೊರತು ಸೋತವರಲ್ಲ. ಕಂಠಿಯವರನ್ನು ತಾತ್ಕಾಲಿಕ ಮುಖ್ಯಮಂತ್ರಿಯೆಂದು ಹಗುರವಾಗಿ ಹೇಳುವವರಿದ್ದಾರೆ. ಚರ್ಚಾಕೂಟದ ಮರುದಿನ ನಾನೂ ಹಾಗೆಯೇ ಹೇಳಿದ್ದೆ. ಕೈಗೆ ಬಂದ ಗಾದಿಯನ್ನು ಹೇಳಿದ ವೇಳೆಗೆ ಬಿಟ್ಟುಕೊಡುವುದು ಎಷ್ಟು ಅಪರೂಪವೆಂಬುದನ್ನು ಈಗಿನ ಪತ್ರಿಕೆಗಳನ್ನು ಓದುವ ನಾನು ಬೇಗನೆ ಅರಿಯಬೇಕಾಗಿತ್ತು.

ಇಳಿದ ಮೇಲೆ ಅವರು ಮುನಿಸಿಕೊಂಡು ಮೂಲೆ ಸೇರಲಿಲ್ಲ. ತಮ್ಮಿಂದ ಅಧಿಕಾರ ಪಡೆದವರ ಸಂಪುಟದಲ್ಲಿಯೇ ಶಿಕ್ಷಣ ಮಂತ್ರಿಗಳಾದರು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾದದ್ದು ಅವರ ಕಾಲದಲ್ಲಿ. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರಲ್ಲಿ ತೆರೆಯುವುದರ ಹಿಂದೆಯೂ ಅವರಿದ್ದರು. ಬರಗಾಲದ ಸೀಮೆಯ ಮಕ್ಕಳಿಗೆ ಅಂಥ ಶಾಲೆಯ ಬಾಗಿಲು ಎಂದರೇನೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. 1967ರಲ್ಲಿಯೂ ಹುನಗುಂದ ಅವರ ಕೈಬಿಡಲಿಲ್ಲ. 1969ರ ಕೊನೆಯಲ್ಲಿ ಕಾಂಗ್ರೆಸ್ಸು ಒಡೆಯಿತು. ಅದೇ ವರ್ಷದ ಡಿಸೆಂಬರ್ 25ರಂದು, ಅರವತ್ತೊಂದು ತುಂಬಿ ನಾಲ್ಕು ದಿನಗಳಾಗಿದ್ದಾಗ, ಕಂಠಿಯವರು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ನ್ನು ಅವರು ಕಾಣಲಿಲ್ಲ.

2024ರ ಮೇ 7ರಂದು ನಾನು ಮೊದಲ ಸಲ ಮತ ಹಾಕಿದೆನು. ಪೆಟ್ಟಿಗೆಗಳ ಸಾಲು ಇರಲಿಲ್ಲ. ಗುಂಡಿ ಒತ್ತಿದೆನು, ಯಂತ್ರ ಒಮ್ಮೆ ಕೂಗಿತು. ಈ ವರ್ಷವೂ ಚರ್ಚಾಕೂಟವಿದೆ, ವಿಷಯವೂ ಅದೇ. ಗೆಳೆಯನು ಈಗಾಗಲೇ ಹೆಸರು ಕೊಟ್ಟಿದ್ದಾನೆ. ನಾನು ಯಾವ ಪಕ್ಷಕ್ಕೆ ಕೊಡಬೇಕೆಂಬುದನ್ನು ಇನ್ನೂ ನಿರ್ಧರಿಸಿಲ್ಲ.